ತೂತಿಲ್ಲದ ಫೋನು

ವೆಂಕಟಲಕ್ಷ್ಮಮ್ಮನ ಕಿವಿ ಒಂದೇ ದಿನದಲ್ಲಿ ಕೆಟ್ಟದ್ದಲ್ಲ. ಮೊದಲು ಗುಬ್ಬಿಗಳ ಸದ್ದು ಹೋಯಿತು, ಆಮೇಲೆ ಬಸ್ಸಿನ ಹಾರನ್ನು, ಆಮೇಲೆ ಸೊಸೆ ರಾಧಾಮಣಿಯ ಮಾತು. ಸೊಸೆಯ ಮಾತು ಹೋದದ್ದಕ್ಕೆ ಮೊದಲ ಒಂದು ತಿಂಗಳು ಆಕೆಗೆ ಅಷ್ಟೇನೂ ಬೇಜಾರಾಗಲಿಲ್ಲ, ಸುಳ್ಳೇಕೆ ಹೇಳಬೇಕು. ಆದರೆ ರೇಷ್ಮೆ ಹುಳ ಸೊಪ್ಪು ಮೇಯುವ ಸದ್ದೂ ನಿಂತುಹೋದ ದಿನ ಮಾತ್ರ ಹುಳದ ಮನೆಯ ಬಾಗಿಲಲ್ಲಿ ಕೂತು ಅತ್ತುಬಿಟ್ಟಳು.

ಸಾತನೂರಿನಿಂದ ಕಬ್ಬಾಳು ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಅರ್ಧ ಮೈಲಿ ನಡೆದರೆ ಅವರ ಊರು. ಊರಲ್ಲಿ ಹುಳ ಸಾಕುವವರಿಗೇನೂ ಕಮ್ಮಿಯಿಲ್ಲ. ಆದರೆ ಹುಳ ಯಾಕೋ ಮಂಕಾಗಿದೆ ಎಂದು ಯಾರಿಗಾದರೂ ಅನುಮಾನ ಬಂದರೆ ಕರೆಯುತ್ತಿದ್ದುದು ವೆಂಕಟಲಕ್ಷ್ಮಮ್ಮನನ್ನೇ. ಹುಳ ಮೇಯುವುದು ನಿಲ್ಲಿಸಿ, ತಲೆಯೆತ್ತಿ ಕೂತು ಹಳೆಯ ಚರ್ಮ ಕಳಚಿಕೊಳ್ಳುವುದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದ ಹುಳಕ್ಕೆ ಹುಚ್ಚು ಹಸಿವು. ಹಿಪ್ಪುನೇರಳೆ ಸೊಪ್ಪು ಹಾಕಿದರೆ ಸಾಕು, ತರಗೆಲೆಯ ಮೇಲೆ ಸೋನೆ ಮಳೆ ಹಿಡಿದ ಹಾಗೆ ಮನೆ ತುಂಬ ಸದ್ದು. ಆ ಸದ್ದನ್ನು ಬಾಗಿಲಲ್ಲಿ ನಿಂತು ಕೇಳಿಯೇ ಹುಳ ಹರಡಿದ ಯಾವ ಸ್ಟ್ಯಾಂಡಿಗೆ ಸೊಪ್ಪು ಸಾಲದು, ಎಲ್ಲಿ ಬಾಡಿದ ಸೊಪ್ಪು ಬಿದ್ದಿದೆ, ಯಾವ ಮೂಲೆಯ ಹುಳಕ್ಕೆ ಮೈ ಸರಿಯಿಲ್ಲ ಎಂದು ಹೇಳುತ್ತಿದ್ದಳು ಆಕೆ. ಇದೇನು ಮಂತ್ರವಲ್ಲ. ಮದುವೆಯಾಗಿ ಬಂದ ವರ್ಷದಿಂದ ಆ ಸದ್ದಿನೊಳಗೇ ಬದುಕಿದ್ದಳು, ಅಷ್ಟೇ.

ಮೂರು ವರ್ಷದ ಕೆಳಗೆ ಒಂದು ಬೆಳೆ ಪೂರ್ತಿ ಹಾಳಾಯಿತು. ಪಕ್ಕದ ಹೊಲದ ಗಂಗಯ್ಯ ತನ್ನ ಟೊಮೆಟೊಗೆ ಔಷಧಿ ಹೊಡೆದಿದ್ದ. ಬದುವಿನ ಮೇಲೆ ನಿಂತು, "ಈ ಕಡೆ ಮೂರು ಸಾಲು ಬುಟ್ಟು ಕುಯ್ಕೊಳ್ಳಿ" ಎಂದು ಕೂಗಿಯೂ ಹೇಳಿದ್ದ. ಆವತ್ತು ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದವರು ಇಬ್ಬರೇ, ವೆಂಕಟಲಕ್ಷ್ಮಮ್ಮ ಮತ್ತು ಆಕೆಯ ಗಂಡ ರಾಮಲಿಂಗಯ್ಯ. ಬಿಡಬೇಕಾದ ಸಾಲಿನ ಸೊಪ್ಪೇ ಹುಳದ ಬಾಯಿಗೆ ಹೋಯಿತು. ಸಂಜೆಯೊಳಗೆ ಹುಳ ಹಸಿರು ಕಕ್ಕಿಕೊಂಡು ರಾಶಿರಾಶಿ ಸತ್ತವು. ಆ ಸೊಪ್ಪು ಕುಯ್ದದ್ದು ಯಾರು ಎಂದು ಮನೆಯಲ್ಲಿ ಯಾರೂ ಕೇಳಲೇ ಇಲ್ಲ. ಇಬ್ಬರಲ್ಲಿ ಒಬ್ಬರಿಗೆ ಕಿವಿ ಮಂದವಾಗಿದ್ದರೆ ಕೇಳುವ ಅಗತ್ಯವಾದರೂ ಏನು? ಆಕೆಗೆ ತಾನು ಆಚೆ ತುದಿಯಲ್ಲಿ ಕುಯ್ದ ನೆನಪಿತ್ತು. ಆದರೆ ಗಂಗಯ್ಯನ ಕೂಗು ಕೇಳಿಸಿರಲಿಲ್ಲ ಎನ್ನುವುದೂ ನಿಜವೇ. ಕೂಗೇ ಕೇಳಿಸದ ಮೇಲೆ, ಎಲ್ಲಿ ಕುಯ್ದೆ ಎನ್ನುವ ನೆನಪನ್ನು ಯಾವ ಧೈರ್ಯದಲ್ಲಿ ನಂಬುವುದು? ತನ್ನದೇ ತಪ್ಪಿರಬೇಕು ಎಂದು ಒಪ್ಪಿಕೊಂಡು ಬಾಯಿಗೆ ಬೀಗ ಹಾಕಿದಳು.

"ಅವ್ವ, ಇನ್ಮ್ಯಾಕೆ ನೀನು ಉಳದ ಮನೆ ಕಡೆ ಬರ್ಬ್ಯಾಡ, ರೆಸ್ಟ್ ತಕೊ" ಎಂದ ಮಗ ಅನಂತರಾಜು. ಪ್ರೀತಿಯಿಂದಲೇ ಹೇಳಿದ. ಆದರೆ ಕಿವುಡಿಗೆ ಕೇಳಲಿ ಎಂದು ಕೂಗಿ ಹೇಳಿದ್ದರಿಂದ ಊರಿಗೆಲ್ಲ ಕೇಳಿಸಿತು.

ಕಿವಿಯ ಮಿಷನ್ನೂ ಬಂತು ಅನ್ನಿ. ಯಾವುದೋ ಶಿಬಿರದಲ್ಲಿ ಕೊಟ್ಟದ್ದು. ಸೆರಗು ತಾಕಿದರೆ ಕುಯ್ಯೋ ಎಂದು ಶಿಳ್ಳೆ ಹಾಕುತ್ತಿತ್ತು, ಬೆವರು ತಾಕಿದರೆ ಸುಮ್ಮನಾಗುತ್ತಿತ್ತು. ಕೊನೆಗೆ ಅದು ಅರಿಶಿನ ಕುಂಕುಮದ ಡಬ್ಬಿ ಸೇರಿತು. ಆಕೆಯನ್ನು ಮತ್ತೆ ಹುಳದ ಮನೆಗೆ ತಂದವಳು ಕನಕಪುರದಲ್ಲಿ ಬಿ.ಎಸ್ಸಿ. ಓದುವ ಮೊಮ್ಮಗಳು ಚೈತ್ರಾ. ತನ್ನ ಹಳೆಯ ಫೋನಿಗೆ ಸದ್ದು ದೊಡ್ಡದು ಮಾಡುವ ಆ್ಯಪ್ ಒಂದನ್ನು ಹಾಕಿ, ಪುಟ್ಟ ಮೈಕಿರುವ ವೈರಿನ ಇಯರ್‌ಫೋನನ್ನು ಫೋನಿನ ತೂತಿಗೆ ಚುಚ್ಚಿ, ಅದರ ಎರಡು ತುದಿಯನ್ನು ಅಜ್ಜಿಯ ಎರಡು ಕಿವಿಗೂ ಇಟ್ಟಳು. ಆಮೇಲೆ ಕೈ ಹಿಡಿದು ಹುಳದ ಮನೆಗೆ ಕರೆದುಕೊಂಡು ಹೋಗಿ, ಮೈಕನ್ನು ಸೊಪ್ಪಿನ ಹತ್ತಿರ ಹಿಡಿದಳು.

ವೆಂಕಟಲಕ್ಷ್ಮಮ್ಮ ಮೈಕನ್ನು ತನ್ನ ಕೈಗೆ ತೆಗೆದುಕೊಂಡು ಒಂದೊಂದು ಸ್ಟ್ಯಾಂಡಿಗೂ ಹಿಡಿದಳು. ಆಮೇಲೆ ಕಣ್ಣೊರೆಸಿಕೊಂಡು, "ಎಡಗಡೆ ಕೆಳಗಿನ ಸ್ಟ್ಯಾಂಡಿಗೆ ಸೊಪ್ಪು ಸಾಲದು, ಹಾಕ್ರವ್ವ" ಎಂದಳು. ರಾಧಾಮಣಿ ಬಗ್ಗಿ ನೋಡಿದರೆ ಬರೀ ಕಡ್ಡಿ ಉಳಿದಿದ್ದವು.

ಅವತ್ತಿನಿಂದ ಫೋನು ಆಕೆಯ ಸೊಂಟದ ಚೀಲದಲ್ಲಿ, ವೈರು ಕೊರಳಲ್ಲಿ. ಎರಡು ಬೆಳೆ ಹಾಗೆ ತೆಗೆದಳು. ಎರಡೂ ಬೆಳೆಯ ಬಿಳಿಗೂಡು ರಾಮನಗರದ ಮಾರ್ಕೆಟ್ಟಿನಲ್ಲಿ ಒಳ್ಳೆಯ ಹೆಸರು ತಂದವು. ಅನಂತರಾಜು ಒಂದೇ ಷರತ್ತು ಹಾಕಿದ್ದ: ವೈರು ಕಿವಿಯಲ್ಲಿದ್ದರೆ ಒಳಕ್ಕೆ, ಇಲ್ಲದಿದ್ದರೆ ಹೊರಕ್ಕೆ. ಆಕೆ ಒಪ್ಪಿದ್ದಳು. ವೈರಿದ್ದರೆ ತಾನೆ ಯಜಮಾನಿ.

ಮೂರನೇ ಬೆಳೆಯಲ್ಲಿ, ಹುಳ ನಾಲ್ಕನೇ ಜ್ವರ ಏಳುವ ಹೊತ್ತಿಗೆ, ಫೋನು ಕೈಕಾಲು ತೊಳೆಯಲೆಂದು ಬಾಗಿಲಲ್ಲಿಟ್ಟಿದ್ದ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಬಿತ್ತು. ಅಕ್ಕಿಯಲ್ಲಿ ಹೂತಿಟ್ಟರು, ಬಿಸಿಲಿಗೆ ಒಣಗಿಸಿದರು, ಏನು ಮಾಡಿದರೂ ಏಳಲಿಲ್ಲ. ಕನಕಪುರದ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಮೊಮ್ಮಗ ಚೈತನ್ಯ, ಅಂದರೆ ಚೈತ್ರಾಳ ಅಣ್ಣ, ಮಾರನೆಯ ದಿನವೇ ಹೊಸ ಫೋನು ತಂದ. ಗಾಜಿನಂತೆ ಹೊಳೆಯುತ್ತಿತ್ತು. ಅಜ್ಜಿ ಅದನ್ನು ಮೇಲೆ ಕೆಳಗೆ ಮಾಡಿ, ನಾಲ್ಕೂ ಅಂಚು ಸವರಿ ನೋಡಿದಳು.

"ತೂತೆಲ್ಲಿ ಮಗ?"

ಚೈತನ್ಯ ನಕ್ಕು, ಆಕೆಯ ಕಿವಿಗೆ ಬಾಯಿಟ್ಟು ಕೂಗಿದ. "ಈಗಿನ ಫೋನಿಗೆ ತೂತು ಇರಾಕಿಲ್ಲ ಕಣಜ್ಜಿ. ಎಲ್ಲ ವೈರ್‌ಲೆಸ್ಸು." ಹಾಗೆಂದವನು ಪುಟ್ಟ ಡಬ್ಬಿಯಿಂದ ಎರಡು ಬಿಳಿ ಬಡ್ಸ್ ತೆಗೆದು ಅಜ್ಜಿಯ ಕಿವಿಗೆ ಸಿಕ್ಕಿಸಿದ. ಅದೇ ಆ್ಯಪನ್ನೂ ಹಾಕಿಕೊಟ್ಟ.

ಸದ್ದು ಬಂತು. ಬಂದದ್ದು ನಿಜ, ಆದರೆ ಬರಬೇಕಾದ ಹೊತ್ತಿಗಲ್ಲ. ರಾಧಾಮಣಿಯ ತುಟಿ ಆಡಿ ನಿಂತ ಮೇಲೆ ಮಾತು ಬಂತು. ಚೈತನ್ಯ ಚಪ್ಪಾಳೆ ತಟ್ಟಿ ಕೈ ಬೇರೆ ಮಾಡಿದ ಮೇಲೆ ಚಪ್ಪಾಳೆ ಬಂತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. "ಯಾಕ್ ಮಗ ಇದು ಇಂಗೆ" ಎಂದು ಆಕೆ ಬಾಯಿ ತೆರೆದಳು ನೋಡಿ, ತನ್ನದೇ ದನಿ ಒಂದು ಗಳಿಗೆ ತಡವಾಗಿ ಕಿವಿಯಲ್ಲಿ ಬಿದ್ದು, ಮುಂದಿನ ಮಾತಿಗೆ ಅಡ್ಡ ನಿಂತಿತು. ನಾಲಿಗೆ ತಡವರಿಸಿತು. "ಯಾ, ಯಾಕ್ ಮ, ಮಗಾ, ಇ, ಇದೂ" ಎಂದು ಎಳೆದೆಳೆದು ತೊದಲಿದಳು.

ರಾಧಾಮಣಿಯ ಕೈಯಲ್ಲಿದ್ದ ಪಾತ್ರೆ ಕೆಳಗೆ ಬಿತ್ತು. "ಅಯ್ಯೋ, ಅತ್ತೆಗೆ ಲಕ್ವ ಹೊಡೀತು" ಎಂದು ಹೊರಗೆ ಓಡಿದಳು. ರಾಮಲಿಂಗಯ್ಯ ಒಳಗಿನಿಂದ ನೀರು ತಂದ. ಅನಂತರಾಜು ಆಟೋದವನಿಗೆ ಫೋನು ಹಚ್ಚಿದ. ಇಷ್ಟೆಲ್ಲ ನಡೆಯುವಾಗ ವೆಂಕಟಲಕ್ಷ್ಮಮ್ಮ ಎರಡೂ ಬಡ್ಸ್ ಕಿತ್ತು ಅಂಗೈಯಲ್ಲಿಟ್ಟುಕೊಂಡು, ಸ್ಪಷ್ಟವಾಗಿ, "ನಂಗೇನೂ ಆಗಿಲ್ಲ ಸುಮ್ಕಿರ್ರಿ. ಮಿಷನ್ನಿಗೆ ಲಕ್ವ ಹೊಡ್ದಿರೋದು" ಎಂದಳು.

ಆಮೇಲೆ ನಡೆಯಿತು ವಾದ. ನಡುಮನೆಯಲ್ಲಿ ಅಣ್ಣ ತಂಗಿ ಎದುರುಬದುರು ಕೂತರು. ವಾದವೆಲ್ಲ ಅಜ್ಜಿಯ ಕಿವಿಯ ಬಗ್ಗೆ, ಮನೆಯಲ್ಲಿ ಅದನ್ನು ಕೇಳಿಸಿಕೊಳ್ಳಲಾಗದೆ ಕೂತವಳು ಆಕೆಯೊಬ್ಬಳೇ. ಚೈತನ್ಯ ಬೆರಳು ಮಡಚಿ ಮಡಚಿ ಹೇಳುತ್ತಿದ್ದ, ಚೈತ್ರಾ ಅವನ ಬೆರಳನ್ನು ಬಿಡಿಸುವವಳ ಹಾಗೆ ಕೈಯಾಡಿಸುತ್ತಿದ್ದಳು. ನಡುನಡುವೆ ಚೈತ್ರಾ ಅಜ್ಜಿಯ ಕಿವಿಯ ಹತ್ತಿರ ಬಂದು ಸಾರಾಂಶ ಕೂಗುತ್ತಿದ್ದಳು. ತೂತಿನಲ್ಲಿ ನೀರು ಹೋಗುತ್ತದಂತೆ, ಅದಕ್ಕೇ ತೆಗೆದರಂತೆ. ದೊಡ್ಡ ದೊಡ್ಡ ಕಂಪನಿಯವರೇ ಬೇಡ ಅಂದ ಮೇಲೆ ಸಾತನೂರಿನವರು ಬೇಕು ಅಂದರೆ ಆಗುತ್ತದೆಯೇ ಎಂದು ಅಣ್ಣ ಕೇಳುತ್ತಾನಂತೆ. ವೈರಿಗೆ ಚಾರ್ಜು ಬೇಡ, ವೈರು ಕಳೆದುಹೋಗುವುದಿಲ್ಲ, ವೈರಿನಲ್ಲಿ ಸದ್ದು ತಡವಾಗುವುದಿಲ್ಲ ಎಂದು ತಾನು ಹೇಳಿದೆ ಎಂದಳು.

"ಅದ್ಕೇನಂದ?"

"ಅಜ್ಜಿಗೆ ವಯಸ್ಸಾಯ್ತು, ಅಭ್ಯಾಸ ಆಯ್ತದೆ ಬುಡು ಅಂದ."

ಕೊನೆಗೆ ಅನಂತರಾಜು ತೀರ್ಪು ಕೊಟ್ಟ. ಎರಡೂ ಕೈ ಅಲ್ಲಾಡಿಸಿ, "ಅಡ್ಜಸ್ಟ್ ಮಾಡ್ಕೊ ಅವ್ವ" ಎಂದ. ಮನೆಯ ಹೆಂಗಸರಿಗೆ ಈ ಒಂದು ಮಾತು ಕೇಳಿಸಿಕೊಳ್ಳಲು ಕಿವಿಯೇ ಬೇಕಾಗಿಲ್ಲ. ತುಟಿ ನೋಡಿದರೆ ತಿಳಿಯುತ್ತದೆ.

ಅಡ್ಜಸ್ಟ್ ಮಾಡಿಕೊಂಡಳು. ಹುಳದ ಸದ್ದು ಒಂದು ಗಳಿಗೆ ತಡವಾಗಿ ಬಂದರೆ ಏನೂ ಮುಳುಗಿಹೋಗುವುದಿಲ್ಲ, ಅವು ಮೇಯುತ್ತಲೇ ಇರುತ್ತವೆ. ಆದ್ದರಿಂದ ಹುಳದ ಮನೆಯಲ್ಲಿ ಬಡ್ಸ್ ಹಾಕಿಕೊಂಡು ಮಾತು ಬಿಟ್ಟುಬಿಟ್ಟಳು. ಸೊಪ್ಪು ಬೇಕಾದರೆ ಬೆರಳು ತೋರಿಸುವುದು, ಬೇಡವಾದರೆ ತಲೆಯಾಡಿಸುವುದು. ಕಿವಿ ಬಂತು, ಬಾಯಿ ಹೋಯಿತು. ಇದೆಂಥ ವ್ಯಾಪಾರ ಎಂದು ಆಕೆಗೆ ಒಳಗೊಳಗೇ ಉರಿಯುತ್ತಿತ್ತು.

ಹುಳ ಹಣ್ಣಾಯಿತು, ಅಂದರೆ ಮೇಯುವುದು ಬಿಟ್ಟು ನೂಲು ಬಿಡಲು ತಯಾರಾಯಿತು. ಹಣ್ಣು ಹುಳವನ್ನು ಆರಿಸಿ ಗೂಡು ಕಟ್ಟಲಿಕ್ಕೆ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಹಾಕುವ ದಿನ ಮನೆ ಮಂದಿಯೆಲ್ಲ ಬಗ್ಗಿದ ಬೆನ್ನು ಎತ್ತುವುದಿಲ್ಲ. ಸಂಜೆ ವೆಂಕಟಲಕ್ಷ್ಮಮ್ಮ ಮುಖ ತೊಳೆಯುವಾಗ ನೋಡಿಕೊಂಡರೆ ಬಲಗಿವಿ ಖಾಲಿ. ಸೊಪ್ಪಿನ ಕಡ್ಡಿ ಜಾಲಾಡಿದರು, ಗೊಬ್ಬರದ ಗುಂಡಿ ಕೆದಕಿದರು. ಎಲ್ಲೂ ಸಿಗಲಿಲ್ಲ.

ಸಿಕ್ಕಿದ್ದು ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ. ಅನಂತರಾಜುವಿನ ಜೊತೆ ಆಕೆಯೂ ಹೋಗಿದ್ದಳು. ತನ್ನ ಕೈಯ ಗೂಡಿಗೆ ಹರಾಜು ಕೂಗುವುದನ್ನು ನೋಡುವ ಆಸೆ. ನೂಲು ಬಿಚ್ಚುವ ಮತೀನ್ ಸಾಹೇಬರು ಇವರ ರಾಶಿಯ ಮುಂದೆ ನಿಂತು, ಒಂದು ಹಿಡಿ ಗೂಡೆತ್ತಿ ಮೂಗಿನ ಹತ್ತಿರ ಹಿಡಿದರು. ಆಮೇಲೆ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸತೊಡಗಿದರು. ಒಳಗಿನ ಹುಳ ಗಟ್ಟಿಯಿದ್ದರೆ ಟಕಟಕ ಅನ್ನಬೇಕು. ಒಂದು ಗೂಡು ಮಾತ್ರ ಎಷ್ಟು ಅಲ್ಲಾಡಿಸಿದರೂ ಉಸಿರೆತ್ತಲಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದು, ಮೇಲಿನ ನವಿರು ಎಳೆಯನ್ನು ಉಗುರಿನಿಂದ ಬಿಡಿಸಿದರು. ಒಳಗೆ ಬಡ್ಸು. ಚಂದ್ರಿಕೆಯಲ್ಲಿ ಬಿದ್ದದ್ದರ ಮೇಲೆ ಪಕ್ಕದ ಹುಳ ನಾಲ್ಕು ಸುತ್ತು ಎಳೆ ಹಾಕಿತ್ತು, ಬಿಡಿಸುವಾಗ ರಾಧಾಮಣಿ ಗೂಡೆಂದೇ ಕಿತ್ತು ಚೀಲಕ್ಕೆ ತುಂಬಿದ್ದಳು.

"ಅಮ್ಮಾರೇ, ಇದ್ರಲ್ಲಿ ಎಷ್ಟು ಗಜ ನೂಲು ಬರುತ್ತೆ?" ಎಂದು ಮತೀನ್ ನಗುತ್ತ ಅದನ್ನು ಆಕೆಯ ಅಂಗೈಯಲ್ಲಿಟ್ಟರು. ಉಳಿದ ಗೂಡಿಗೆ ಅವರೇ ಮೇಲಿನ ಬೆಲೆ ಹಾಕಿದರು, ಅದು ಬೇರೆ ಮಾತು. ಆದರೆ ಮಾರ್ಕೆಟ್ಟಿನ ಆ ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅನಂತರಾಜು ಕಿವಿಯವರೆಗೆ ಕೆಂಪಾದ.

ಹಿಂದಿರುಗುವಾಗ ಟೆಂಪೋದಲ್ಲಿ ಅವನು ಒಂದೇ ಮಾತು ಕೂಗಿದ. "ಮುಂದಿನ ವಾರ ಮರಿ ಉಳ ಬತ್ತವೆ. ಈ ಸಲ ನೀನು ಒಳಕ್ ಬರ್ಬ್ಯಾಡ ಕಣವ್ವ. ಒಂದ್ಸಲ ಬೆಳೆ ಓಯ್ತು, ಈ ಸಲ ಮಾನ ಓಯ್ತು. ಸಾಕು."

ಒಂದ್ಸಲ ಬೆಳೆ ಹೋಯಿತು. ಮೂರು ವರ್ಷದಿಂದ ಯಾರೂ ಬಾಯಿ ಬಿಟ್ಟು ಆಡದ ಮಾತು ಅದು. ಆಕೆಗೆ ಕೆನ್ನೆಗೆ ಹೊಡೆದ ಹಾಗಾಯಿತು. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಬೆಳಗ್ಗೆ ಎದ್ದು, ಹಳೆಯ ವೈರು, ಹೊಸ ಫೋನು, ಬಡ್ಸಿನ ಡಬ್ಬಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, "ನಾನು ಕನಕಪುರಕ್ಕೋಗಿ ತೂತಿರೋ ಫೋನ್ ತತ್ತೀನಿ" ಎಂದು ಹೊರಟುನಿಂತಳು. ಹಾರನ್ನು ಕೇಳದವಳು ರಸ್ತೆ ದಾಟುವುದು ಹೇಗೆಂದು ರಾಮಲಿಂಗಯ್ಯ ಹಿಂದೆಯೇ ಹೊರಟ. ಅವನು ಮಾತಿನವನಲ್ಲ. ಆಕೆಯ ಕಿವಿ ಹೋದ ಮೇಲಂತೂ ಊಟ, ನೀರು, ಸೊಪ್ಪು ಎನ್ನುವ ಮೂರು ಪದ ಬಿಟ್ಟು ನಾಲ್ಕನೆಯದು ಕೂಗಿದವನಲ್ಲ.

ಕಾಲೇಜಿನಿಂದ ಚೈತ್ರಾಳನ್ನೂ ಕರೆದುಕೊಂಡು ಮೂವರೂ ಅಂಗಡಿ ಹತ್ತಿದರು. ಚೈತನ್ಯನ ಮುಖ ಸಪ್ಪಗಾಯಿತು. ಅಂಗಡಿಯ ಯಜಮಾನ ಅಶೋಕ್ ಮಾತ್ರ ಎದ್ದುನಿಂತು ಕೈಮುಗಿದು ಕುರ್ಚಿ ಹಾಕಿಸಿದ. ಮಾತಿನಲ್ಲಿ ಎತ್ತಿದ ಕೈ ಅವನು. ಹಬ್ಬ ಬಂದರೆ ಅಂಗಡಿ ಮುಂದೆ ಮೈಕು ಹಿಡಿದು ಅರ್ಧ ಗಂಟೆ ಉಸಿರು ತೆಗೆದುಕೊಳ್ಳದೆ ಆಫರುಗಳನ್ನು ಹೇಳುತ್ತಿದ್ದ. ಅವನ ಬಾಯಿ ಕೇಳಲೆಂದೇ ಬಸ್‌ಸ್ಟ್ಯಾಂಡಿನ ಜನ ನಿಲ್ಲುತ್ತಿದ್ದರು.

"ಅಮ್ಮ, ಹೆಡ್‌ಫೋನ್ ಜಾಕ್ ಅನ್ನೋದು ಹಳೇ ಕಾಲದ್ದು. ಅದನ್ನ ತೆಗೆದಿದ್ದಕ್ಕೆ ಬ್ಯಾಟ್ರಿ ದೊಡ್ಡದಾಯ್ತು, ಫೋನು ತೆಳ್ಳಗಾಯ್ತು, ನೀರು ಹೋಗಲ್ಲ, ಧೂಳು ಹೋಗಲ್ಲ. ವೈರು ಸಿಕ್ಕಾಗಲ್ಲ. ಇಡೀ ಪ್ರಪಂಚವೇ ವೈರ್‌ಲೆಸ್ ಆಗಿರುವಾಗ ನಾವು ಹಿಂದೆ ಉಳಿಯಬಾರದು" ಎಂದ. ಚೈತ್ರಾ ಅದನ್ನೆಲ್ಲ ಅಜ್ಜಿಯ ಕಿವಿಗೆ ಕೂಗಿದಳು. ಅಂಗಡಿಯಲ್ಲಿದ್ದ ಏಳೆಂಟು ಗಿರಾಕಿಗಳು ತಿರುಗಿ ನೋಡಿದರು. ಹೌದೌದು, ವೈರು ಬರೀ ರಗಳೆ ಎಂದ ಒಬ್ಬ. ತೂತಿದ್ದರೆ ಅದರ ಪಾಡಿಗೆ ಅದಿರುತ್ತಿತ್ತು, ಇವರ ಗಂಟೇನು ಹೋಗುತ್ತಿತ್ತು ಎಂದಳು ಇನ್ನೊಬ್ಬಳು. ಅಲ್ಲೂ ವಾದ ಹೊತ್ತಿಕೊಂಡಿತು.

ವೆಂಕಟಲಕ್ಷ್ಮಮ್ಮ ಎಲ್ಲರ ತುಟಿಯನ್ನೂ ಒಂದು ಸುತ್ತು ನೋಡಿ, ಬಡ್ಸಿನ ಡಬ್ಬಿ ತೆಗೆದು ಅಶೋಕನ ಮುಂದಿಟ್ಟಳು.

"ನಿಮ್ ಮಾತು ಒಪ್ಕಂಡೆ ಕಣಪ್ಪ. ಇದ ನೀವು ಒಸಿ ಕಿವಿಗೆ ಮಡೀಕಳಿ. ಮಡೀಕಂಡು ಈಗ ಯೋಳುದ್ರಲ್ಲ, ಅದ್ನೇ ಇನ್ನೊಂದ್ ಕಿತ ಯೋಳಿ. ನೆಟ್ಟಗೆ ಯೋಳ್ಬುಟ್ರೆ ನಾನು ತೂತಿನ ಸುದ್ದಿ ಎತ್ತಾಕಿಲ್ಲ. ಊರಿಗೋಗಿ ಸುಮ್ಕೆ ಕುಂತ್ಕತೀನಿ."

ಬೇಡ ಎನ್ನುವಂತೆ ಚೈತ್ರಾ ಅಜ್ಜಿಯ ಸೆರಗೆಳೆದಳು. ಇವನು ಗೆದ್ದುಬಿಟ್ಟರೆ ಅಜ್ಜಿ ಹೇಳಿದ ಹಾಗೇ ಕೂತುಬಿಡುವವಳು. ಅಶೋಕ್‌ಗೆ ಇದು ಎಡಗೈ ಕೆಲಸ. ನಗುತ್ತ ಬಡ್ಸ್ ಏರಿಸಿಕೊಂಡ. ಚೈತ್ರಾ ಆ್ಯಪ್ ಹಚ್ಚಿ, ಸದ್ದನ್ನು ಅಜ್ಜಿಗಿಟ್ಟಷ್ಟೇ ಎತ್ತರಿಸಿ, ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು.

"ಅಮ್ಮ, ಹೆಡ್‌ಫೋನ್ ಜಾಕ್ ಅನ್ನೋ" ಎನ್ನುವವರೆಗೆ ಸರಿಯಿತ್ತು. "ಅನ್ನೋದೂ" ಎಂದು ಎಳೆಯಿತು. "ಹ, ಹಳೇ ಕಾ, ಕಾಲ" ಎಂದು ಎಡವಿತು. ಅವನು ಗಂಟಲು ಸರಿಮಾಡಿಕೊಂಡ. ಗಂಟಲು ಸರಿಮಾಡಿದ ಸದ್ದೂ ತಡವಾಗಿ ಬಂದು ಅವನನ್ನೇ ಬೆಚ್ಚಿಬೀಳಿಸಿತು. "ಬ್ಯಾ, ಬ್ಯಾಟ್ರಿ, ದೊ, ದೊಡ್ಡಾ, ದೊ" ಎನ್ನುತ್ತ ಕಣ್ಣು ಕಣ್ಣು ಬಿಟ್ಟ. ಅಂಗಡಿಯಲ್ಲಿ ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ತಡೆಯುವವರೇ ಇಲ್ಲದಾಯಿತು. ಹೊರಗೆ ಹೋಗುತ್ತಿದ್ದವರೂ ಒಳಗೆ ಬಂದು ನಿಂತರು. ಅರ್ಧ ಗಂಟೆ ಉಸಿರು ತೆಗೆದುಕೊಳ್ಳದೆ ಮಾತಾಡುವ ಅಶೋಕ್, ಬ್ಯಾಟ್ರಿಯಿಂದ ಮುಂದಕ್ಕೆ ಹೋಗಲಾರದೆ ಬೆವೆತುಹೋದ.

ಅವನು ಬಡ್ಸ್ ತೆಗೆದಿಟ್ಟಾಗ ವೆಂಕಟಲಕ್ಷ್ಮಮ್ಮ ನಗಲಿಲ್ಲ. "ನಿಮ್ಮನ್ನ ಆಡ್ಕಳಾಕೆ ಮಾಡ್ಸುನಿಲ್ಲ ಕಣಪ್ಪ" ಎಂದಳು. "ಬರೀ ಸಿನಿಮಾ ಪದ ಕೇಳೋರಿಗೆ ನಿಮ್ ಫೋನು ಚೆಂದ್ವೇ. ನಂಗೆ ಇದು ಪದ ಕೇಳಾಕಲ್ಲ. ಇದೇ ನನ್ ಕಿವಿ. ಕಿವಿ ಇಂದಕ್ಕೆ ಉಳ್ಕಂಡ್ರೆ ಬಾಯೂ ಉಳ್ಕತದೆ. ನೀವು ಕಂಪನಿಯೋರ್ನ ಕೇಳ್ಬುಡಿ, ತೂತು ಮುಚ್ಚೋ ಮುಂಚೆ ನಮ್ಮಂತೋರ ಒಬ್ರನ್ನಾರ ಕೇಳುದ್ರಾ ಅಂತ."

ಅಶೋಕ್ ಕರವಸ್ತ್ರದಿಂದ ಮುಖ ಒರೆಸಿಕೊಂಡ. ಸೋತಾಗ ಒಪ್ಪಿಕೊಳ್ಳುವ ಗುಣವೊಂದಿತ್ತು ಅವನಲ್ಲಿ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. "ಕೇಳಿಲ್ಲ ಬಿಡಿ ಅಮ್ಮ, ನಾನೂ ಕೇಳಿರಲಿಲ್ಲ" ಎಂದು ಚೈತನ್ಯನ ಕಡೆ ತಿರುಗಿ, ಹಿಂದಿನ ಕಪಾಟಿನ ಕೆಳಗಿನ ಅರೆ ತೆಗೆಸಿದ. ಯಾರೂ ಕೇಳುವುದಿಲ್ಲವೆಂದು ಒಳಗೆ ತಳ್ಳಿದ್ದ ದಪ್ಪ ಫೋನೊಂದು ಬಂತು. ಕೆಳ ಅಂಚಿನಲ್ಲಿ ಗುಂಡಗೆ, ಅಚ್ಚುಕಟ್ಟಾಗಿ, ತೂತಿತ್ತು.

ಚೈತನ್ಯ ತಾನೇ ಆ್ಯಪ್ ಹಾಕಿದ, ತಾನೇ ವೈರು ಚುಚ್ಚಿದ. ಅಜ್ಜಿಯ ಕಿವಿಗೆ ತುದಿಗಳನ್ನಿಟ್ಟು, ಮೈಕಿನ ಹತ್ತಿರ ತಗ್ಗಿದ ದನಿಯಲ್ಲಿ, "ತಪ್ಪಾಯ್ತು ಕಣಜ್ಜಿ" ಎಂದ. ಅವನ ತುಟಿ ಆಡಿದಾಗಲೇ ಮಾತೂ ಬಂತು.

"ಇರ್ಲಿ ಬುಡು ಮಗ. ನಿಂದೇನೈತೆ" ಎಂದಳು ಆಕೆ. ತನ್ನ ದನಿಯೂ ತನ್ನ ಬಾಯಿಯ ಜೊತೆಗೇ ಬಂತು, ಒಂದಿಷ್ಟೂ ಹಿಂದುಳಿಯಲಿಲ್ಲ. ಆಕೆಗೆ ಎದ್ದು ಕುಣಿಯಬೇಕು ಅನ್ನಿಸಿತು. ವಯಸ್ಸು ನೋಡಿಕೊಂಡು ಸುಮ್ಮನಿದ್ದಳು. ಅಂಗಡಿಯಿಂದ ಇಳಿಯುವಾಗ ಹಿಂದಿನಿಂದ ಯಾರೋ ಗಿರಾಕಿ ಅಶೋಕನನ್ನು ಕೇಳುತ್ತಿದ್ದುದು ಕಿವಿಗೆ ಬಿತ್ತು: "ಅಂತದ್ದು ಇನ್ನೊಂದು ಐತಾ ನೋಡಣ್ಣ, ನಮ್ಮಪ್ಪಂಗೂ ಬೇಕು."

ಚೈತ್ರಾ ಕಾಲೇಜಿಗೆ ಹೋದಳು. ಗಂಡ ಹೆಂಡತಿ ಬಸ್‌ಸ್ಟ್ಯಾಂಡಿಗೆ ಬಂದು ಸಾತನೂರು ಕಡೆಯ ಬಸ್ಸು ಹತ್ತಿದರು. ಎರಡು ಸೀಟು ಮುಂದೆ ಅವರೂರಿನ ದೊಡ್ಡಲಕ್ಷ್ಮಮ್ಮ ಕೂತಿದ್ದಳು. ಊರಿನ ಸುದ್ದಿಯನ್ನು ಮನೆ ಮನೆಗೆ ಮುಟ್ಟಿಸುವ ಕೆಲಸವನ್ನು ಯಾರೂ ಕೇಳದೆಯೇ ವಹಿಸಿಕೊಂಡಿದ್ದವಳು ಅವಳು. ಡ್ರೈವರು ಇನ್ನೂ ಬಂದಿರಲಿಲ್ಲ. ಬಸ್ಸು ಸುಮ್ಮನೆ ನಿಂತಿತ್ತು.

ರಾಮಲಿಂಗಯ್ಯ ಹೆಂಡತಿಯ ಕೊರಳಿನಿಂದ ಇಳಿಬಿದ್ದಿದ್ದ ವೈರನ್ನು ನೋಡಿದ. ಅದರ ನಡುವಿನ ಮೈಕನ್ನು ಎರಡು ಬೆರಳಲ್ಲಿ ಎತ್ತಿ ತನ್ನ ಬಾಯಿಯ ಹತ್ತಿರ ಹಿಡಿದುಕೊಂಡ.

"ಲೇ ಇವಳೇ, ಕೇಳ್ತೈತಾ?"

"ಕೇಳ್ತೈತೆ. ಯೋಳಿ."

"ಮೂರು ವರ್ಸದಿಂದ ಒಂದ್ ಮಾತು ಐತೆ. ಕೂಗಿ ಯೋಳೋ ಮಾತಲ್ಲ ಅದು. ಮೆಲ್ಲಗೆ ಯೋಳುದ್ರೆ ನಿಂಗೆ ಕೇಳ್ತಿರ್ನಿಲ್ಲ." ಅವನು ಕಿಟಕಿಯ ಕಡೆ ನೋಡಿದ. "ವೈರು ಬಂದ್ಮ್ಯಾಲೂ ಯೋಳ್ನಿಲ್ಲ, ಎದ್ರಿಕೆ. ಇವತ್ತು ಅಂಗಡೀಲಿ ನಿನ್ ನೋಡಿ ನಂಗೇ ನಾಚ್ಕೆ ಆಯ್ತು. ಆವತ್ತು ಗಂಗಯ್ಯ ಕೂಗಿದ್ದು ನಂಗೆ ಕೇಳಿತ್ತು ಕಣೆ. ಅಷ್ಟೊತ್ತಿಗೆ ನಾನು ಆ ಸಾಲ್ನಾಗೇ ಎರಡು ಒರೆ ಕುಯ್ದಿದ್ದೆ. ಬಿಸಾಕಾಕೆ ಮನ್ಸು ಬರ್ನಿಲ್ಲ. ಏನಾಯ್ತದೆ ಅಂತ ಹಾಕ್ಬುಟ್ಟೆ. ನೀನು ಕುಯ್ದಿದ್ದು ಆಚೆ ತುದೀಲಿ. ಉಳ ಕೊಂದೋನು ನಾನು."

ವೆಂಕಟಲಕ್ಷ್ಮಮ್ಮ ಅವನ ಮುಖವನ್ನೇ ನೋಡುತ್ತ ಕೂತಳು. ಮೂರು ವರ್ಷ. ಮೂರು ವರ್ಷ ತನ್ನ ನೆನಪನ್ನು ತಾನೇ ಸುಳ್ಳೆಂದುಕೊಂಡು, ಮಗನ ಮುಂದೆ, ಸೊಸೆಯ ಮುಂದೆ ತಲೆ ತಗ್ಗಿಸಿ ಓಡಾಡಿದ್ದಳು. ಸಿಟ್ಟು ಬಂತು, ಬರದೆ ಇರುತ್ತದೆಯೇ. ಆದರೆ ಸಿಟ್ಟಿಗಿಂತ ಮುಂಚೆ, ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಬೀಸಾಡಿದ ಹಾಗೆ ಮೈಯೆಲ್ಲ ಹಗುರವಾಯಿತು. ತಾನು ಕೊಂದಿರಲಿಲ್ಲ. ಆಚೆ ತುದಿಯಲ್ಲೇ ಕುಯ್ದಿದ್ದಳು. ಕಿವಿ ಕೈಕೊಟ್ಟಿದ್ದರೂ ತಲೆ ಕೈಕೊಟ್ಟಿರಲಿಲ್ಲ. ಇನ್ನು ಹುಳದ ಮನೆಯ ಬಾಗಿಲಲ್ಲಿ ನಿಂತು ಬೇಡ ಅನ್ನುವವರು ಯಾರಿದ್ದಾರೋ ನೋಡಿಯೇಬಿಡುತ್ತೇನೆ ಎಂದುಕೊಂಡಳು.

ಆಕೆ ಬೆರಳಿನಿಂದ ಕಿವಿಯ ತುದಿಯನ್ನು ಒತ್ತಿಕೊಂಡು ಹುಬ್ಬು ಗಂಟಿಕ್ಕಿದಳು.

"ಸರ್ಯಾಗಿ ಕೇಳಿಸ್ನಿಲ್ಲ. ಒಸಿ ಗಟ್ಟಿಯಾಗಿ ಯೋಳಿ."

ರಾಮಲಿಂಗಯ್ಯ ಮೈಕನ್ನು ಇನ್ನೂ ಹತ್ತಿರ ಹಿಡಿದು, ದನಿಯೇರಿಸಿ ಇನ್ನೊಮ್ಮೆ ಹೇಳಿದ. ಮುಂದಿನ ಸೀಟಿನವನು ತಿರುಗಿದ.

"ಊಹೂಂ. ಏನೋ ಗೊರಗೊರ ಅಂತೈತೆ. ಇನ್ನೂ ಒಸಿ."

ಅವನು ಹೆಂಡತಿಯ ಕಣ್ಣು ನೋಡಿದ. ಕಣ್ಣಿನಲ್ಲಿ ಇದ್ದದ್ದೇನು ಎಂದು ಅವನಿಗೆ ತಿಳಿಯಿತು. ನಲವತ್ತೈದು ವರ್ಷ ಸಂಸಾರ ಮಾಡಿದವನಿಗೆ ತಿಳಿಯದೆ ಏನು. ಬೇರೆ ದಾರಿಯಿಲ್ಲವೆಂದೂ ತಿಳಿಯಿತು. ಮೈಕನ್ನು ಕೈಬಿಟ್ಟು, ಮುಂದಿನ ಕಂಬಿ ಹಿಡಿದುಕೊಂಡು ಎದ್ದುನಿಂತ.

"ಆವತ್ತು ಇಸದ ಸೊಪ್ಪು ಕುಯ್ದೋನು ನಾನು. ಇವಳಲ್ಲ. ಉಳ ಕೊಂದೋನು ನಾನು" ಎಂದು ಬಸ್ಸಿಗೆ ಬಸ್ಸೇ ಕೇಳುವ ಹಾಗೆ ಕೂಗಿದ.

ದೊಡ್ಡಲಕ್ಷ್ಮಮ್ಮ ಸೀಟಿನಿಂದ ಅರ್ಧ ಎದ್ದು, ಬಾಯಿ ತೆರೆದುಕೊಂಡು ಪೂರ್ತಿ ಹಿಂದಕ್ಕೆ ತಿರುಗಿದಳು. ವೆಂಕಟಲಕ್ಷ್ಮಮ್ಮ ಅವಳು ತಿರುಗಿದ್ದನ್ನು ಖಚಿತ ಮಾಡಿಕೊಂಡು, ಗಂಡನ ಪಂಚೆಯ ಅಂಚು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಈಗ ಕೇಳಿಸ್ತು" ಎಂದಳು.